ಸತ್ತ ಪೆಟ್ಟಿಗೆಗಳ ಕಪಾಟು

ಜಯಶ್ರೀ ಅಕ್ಕನ ಹತ್ತಿರ ಸ್ವಿಚ್ ಕೇಳಿಕೊಂಡು ಹೋದವರು ಮೊದಲು ಆ ಕಪಾಟಿನ ಮುಂದೆ ನಿಲ್ಲಬೇಕಾಗುತ್ತದೆ. ಬಳ್ಳಾರಿ ಕಂಟೋನ್ಮೆಂಟಿನ ಹಳೇ ಬಂಗಲೆಯೊಂದರ ಮುಂದಿನ ಎರಡು ಕೋಣೆಗಳಲ್ಲಿ ವಿಶ್ವಪ್ರಿಯ ಇಲೆಕ್ಟ್ರಿಕಲ್ಸ್ ಅಂಗಡಿ. ಬಾಗಿಲು ದಾಟಿದ ಕೂಡಲೇ ಬಲಗಡೆಗೆ ಗಾಜಿನ ಕಪಾಟು. ಅದರ ತುಂಬ ಸತ್ತ ಪೆಟ್ಟಿಗೆಗಳು. ಕಾರ್ಖಾನೆಯಲ್ಲೋ ಅಕ್ಕಿ ಗಿರಣಿಯಲ್ಲೋ ಯಂತ್ರಗಳು ಒಂದಕ್ಕೊಂದು ಮಾತಾಡಿಕೊಳ್ಳಲಿ ಎಂದು ನಡುವೆ ಕೂಡಿಸುವ ಈಥರ್‌ನೆಟ್ ಸ್ವಿಚ್ಚುಗಳು, ಕೆಲವು ರೂಟರುಗಳು. ಒಂದೊಂದರ ಕೊರಳಿಗೂ ದಾರ ಕಟ್ಟಿದ ರಟ್ಟಿನ ಚೀಟಿ. ಎಲ್ಲಿ ಬಾಳಿತು, ಎಷ್ಟು ದಿನ ಬಾಳಿತು, ಯಾತಕ್ಕೆ ಸತ್ತಿತು ಎಂದು ಅಕ್ಕನ ದುಂಡನೆಯ ಅಕ್ಷರದಲ್ಲಿ.

'ಸಿರುಗುಪ್ಪ, ಹೊಟ್ಟಿನ ಕೋಣೆ. ಹದಿನಾಲ್ಕು ತಿಂಗಳು. ಉಸಿರುಗಟ್ಟಿ.' 'ಹತ್ತಿ ಜಿನ್ನು. ಎರಡು ವರ್ಷ. ಇಲಿಯ ಉಚ್ಚೆ.' 'ಮೋಕದ ಹಾದಿಯ ಪಂಪ್‌ಹೌಸು. ಒಂಬತ್ತು ದಿನ. ಪೂಜೆಯ ತೆಂಗಿನಕಾಯಿ ನೀರು.'

"ಇದೇನ್ರಿ ಮೇಡಂ, ಕೆಟ್ಟ ಮಾಲು ಮುಂದ ಇಟ್ಟೀರಿ?" ಎಂದು ಹೊಸ ಗಿರಾಕಿ ಕೇಳಿದರೆ ಅಕ್ಕ ಕನ್ನಡಕವನ್ನು ಮೂಗಿನ ತುದಿಗೆ ಇಳಿಸುತ್ತಾಳೆ. "ಚೊಲೋ ಮಾಲು ಎಲ್ಲಾರೂ ತೋರಸ್ತಾರ್ರಿ. ಹೆಂಗ ಸಾಯ್ತದ ಅನ್ನೋದು ಯಾರು ತೋರಸ್ತಾರ?"

ಇಪ್ಪತ್ತೆಂಟು ವರ್ಷದ ಹಿಂದೆ ಆಕೆ ಆ ಅಂಗಡಿಗೆ ಬಂದದ್ದು ಟೈಪ್ ಮಾಡುವ ಕೆಲಸಕ್ಕೆ. ಮಗಳು ಶ್ರೀಕೃತಿಗೆ ಆಗ ಎಂಟು ತಿಂಗಳು. ಅತ್ತೆ ತುಳಸಮ್ಮನವರು ಬೆಳಗಿನ ಹೊತ್ತು ಮಡಿಯಲ್ಲಿ ಇರುತ್ತಿದ್ದರು, ಕೂಸನ್ನು ಮುಟ್ಟುವ ಹಾಗಿರಲಿಲ್ಲ. ಹಾಗಾಗಿ ಊಟದ ಹೊತ್ತಿನವರೆಗೆ ಕೂಸು ಅಂಗಡಿಯಲ್ಲೇ. ಮೋಟರ್ ಸ್ಟಾರ್ಟರ್ ಬಂದಿದ್ದ ದೊಡ್ಡ ರಟ್ಟಿನ ಡಬ್ಬಿಯೊಳಗೆ ಕೌದಿ ಹಾಸಿ ಮಲಗಿಸಿದರೆ, ಟೈಪ್‌ರೈಟರಿನ ಟಕಟಕ ಕೇಳುತ್ತಾ ಗಪ್ಪನೆ ನಿದ್ದೆ ಹೋಗುತ್ತಿತ್ತು. ಟಕಟಕ ನಿಂತರೆ ಎಚ್ಚರ. ಅದಕ್ಕೇ ಬರೆಯುವ ಪತ್ರ ಮುಗಿದ ಮೇಲೂ ಜಯಶ್ರೀ ಖಾಲಿ ಹಾಳೆ ಹಾಕಿ ಸುಮ್ಮನೆ ಕುಟ್ಟುತ್ತಿದ್ದಳು. ಮಾಲೀಕರು ವಿಶ್ವಪ್ರಿಯರು, ಅರವತ್ತರ ಹತ್ತಿರದವರು, ಅದನ್ನು ಕಂಡೂ ಕಾಣದವರ ಹಾಗೆ ಇದ್ದರು. ಒಂದು ದಿನ ಮಾತ್ರ ಆ ಡಬ್ಬಿಯ ಮೇಲೆ ಪೆನ್ಸಿಲಿನಲ್ಲಿ 'ಇದು ಮಾರಾಟಕ್ಕಿಲ್ಲ' ಎಂದು ಬರೆದಿಟ್ಟಿದ್ದರು. ಕೂಸಿಗೆ ಹಲ್ಲು ಬರುವಾಗ ಕಚ್ಚಿದ್ದು ಇಕ್ಕಳದ ರಬ್ಬರು ಹಿಡಿ. ಆ ಇಕ್ಕಳ ಈಗಲೂ ಅಕ್ಕನ ಡ್ರಾಯರಿನಲ್ಲಿದೆ, ಎರಡು ಪುಟ್ಟ ಹಲ್ಲಿನ ಗುರುತಿನ ಸಮೇತ.

ಆಗಿನ ಕಾಲಕ್ಕೆ ಗಿರಣಿಯ ಒಂದೊಂದು ಮೋಟರಿಗೂ ಒಂದೊಂದು ಜೋಡಿ ವೈರು. ಎಲ್ಲವೂ ಸೇರಿ ಕಂಟ್ರೋಲ್ ರೂಮು ಮುಟ್ಟುವ ಹೊತ್ತಿಗೆ ಮದುಮಗಳ ಜಡೆಯಷ್ಟು ದಪ್ಪ. ವಿಶ್ವಪ್ರಿಯರು ಆ ಜಡೆಯೊಳಗೆ ಕೈ ಹಾಕಿ ಒಂದೊಂದೇ ಎಳೆ ಎಳೆದು, "ಇದು ಎಲಿವೇಟರ್, ಇದು ಜರಡಿ, ಇದು ಬ್ಲೋವರ್" ಅನ್ನುತ್ತಿದ್ದರು. ಜಯಶ್ರೀ ಪಕ್ಕದಲ್ಲಿ ಕೂತು ನಂಬರು ಬರೆದುಕೊಳ್ಳುತ್ತಿದ್ದಳು. ಹಾಗೇ ಬರೆಯುತ್ತಾ ಬರೆಯುತ್ತಾ ಕಲಿತಳು. ಆಮೇಲೆ ಒಂದು ದಿನ ಪಾರ್ಸೆಲ್ಲಿನಲ್ಲಿ ನೀಲಿ ಕೇಬಲ್ ಬಂತು. ವಿಶ್ವಪ್ರಿಯರು ಅದರ ತುದಿಯನ್ನು ಬೆಳಕಿಗೆ ಹಿಡಿದು, ಕೊಳವೆಯೊಳಗೆ ಇಣುಕಿದ ಹಾಗೆ ಇಣುಕಿದರು.

"ಇಡೀ ಗಿರಣಿ ಇಷ್ಟು ಸಣ್ಣದರಾಗ ಹೋಗ್ತದಂತ ಜಯಶ್ರೀ. ನಂಬ್ತೀಯೇನು?"

"ನೀವು ನಂಬಿದ್ರ ನಾನೂ ನಂಬ್ತೀನಿ ಸರ್."

"ನಾನು ನಂಬಿಲ್ಲ. ಆದ್ರ ಮಾರ್ಬೇಕು."

ಅವರು ಮಾರಿದ ಮೊದಲ ಸ್ವಿಚ್ಚು ಸಿರುಗುಪ್ಪದ ಚಿದಾನಂದಪ್ಪನವರ ಅಕ್ಕಿ ಗಿರಣಿಗೆ. ಆಫೀಸಿನ ಮೇಜಿನ ಮೇಲೆ ಇಡುವಂಥದ್ದು, ಒಳಗೆ ಸಣ್ಣ ಫ್ಯಾನು ತಿರುಗುವಂಥದ್ದು. ಹದಿನಾಲ್ಕು ತಿಂಗಳಿಗೆ ಚಿದಾನಂದಪ್ಪನವರೇ ಅದನ್ನು ಕೈಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಬಂದು ಟೈಪ್‌ರೈಟರಿನ ಪಕ್ಕಕ್ಕೆ ಇಟ್ಟರು.

"ತಗೋ ತಂಗಿ ನಿಮ್ಮ ಕೂಸು. ಸತ್ತೈತಿ."

ಜಯಶ್ರೀ ಸ್ಕ್ರೂ ಬಿಚ್ಚಿ ನೋಡಿದಳು. ಒಳಗೆ ಬೆರಳು ದಪ್ಪ ಹೊಟ್ಟಿನ ಪುಡಿ, ಉಂಡೆ ಕಟ್ಟಿತ್ತು. ಗಾಳಿ ಬೇಕೆಂದು ಎಳೆದುಕೊಂಡ ಫ್ಯಾನು ಗಾಳಿಯ ಜೊತೆ ಗಿರಣಿಯನ್ನೇ ಒಳಗೆ ಎಳೆದುಕೊಂಡಿತ್ತು. ಇದು ಎಂಥ ಜಾಗದಲ್ಲಿ ಕೂಡುತ್ತದೆ ಎಂದೇ ನೋಡದೆ ಕಳಿಸಿದ್ದೆವಲ್ಲ ಎಂದುಕೊಂಡಳು. "ಸರ್, ನಾನು ಒಂದ್ಸಲ ಹೋಗಿ ಆ ಜಾಗ ನೋಡ್ಕೊಂಡು ಬರ್ಲೇನು?" ಎಂದು ಕೇಳಿದಳು. ಟೈಪಿಸ್ಟ್ ಹೆಂಗಸು ಗಿರಣಿಗೆ ಹೋಗಿ ಏನು ನೋಡುತ್ತಾಳೆ ಎಂದು ಬೇರೆಯವರಾದರೆ ನಗುತ್ತಿದ್ದರೋ ಏನೋ. ವಿಶ್ವಪ್ರಿಯರು ಬಸ್ಸಿನ ಟೈಮು ಹೇಳಿದರು.

ಸಿರುಗುಪ್ಪದ ಗಿರಣಿಯಲ್ಲಿ ಆಕೆಗೆ ಟಾರ್ಚು ಹಿಡಿದು ದಾರಿ ತೋರಿಸಿದವನು ಕರಿಬಸವ. ಮೋಕದವನು, ಐಟಿಐ ಮುಗಿಸಿ ಆಗಷ್ಟೇ ಗಿರಣಿಯ ಕರೆಂಟಿನ ಕೆಲಸ ಹಿಡಿದಿದ್ದ, ಮದುವೆಯಾಗಿ ವರ್ಷ ತುಂಬಿರಲಿಲ್ಲ. ಅಂದು ಜಯಶ್ರೀ ಮಾಡಿದ್ದನ್ನು ಅವನು ಇವತ್ತಿಗೂ ಹೊಸಬರಿಗೆ ಹೇಳುತ್ತಾನೆ. ಬ್ಯಾಗಿನಿಂದ ಕೂಸಿನ ಹಳೇ ಬಿಳೀ ಲಂಗೋಟಿ ಬಟ್ಟೆಯೊಂದನ್ನು ತೆಗೆದು, ನೀರಲ್ಲಿ ಹಿಂಡಿ, ಪೆಟ್ಟಿಗೆ ಇದ್ದ ಜಾಗದಲ್ಲಿ ಮೊಳೆಗೆ ನೇತುಹಾಕಿದಳಂತೆ. ಒಂದು ತಾಸು ಅಲ್ಲೇ ಚೀಲದ ಮೇಲೆ ಕೂತಳಂತೆ. ತಾಸು ಕಳೆದ ಮೇಲೆ ಬಟ್ಟೆ ಗೋಧಿ ಬಣ್ಣ. ಗೋಡೆಗೆ ಅಂಗೈ ಒತ್ತಿ ಎಷ್ಟು ನಡುಗುತ್ತದೆ ಎಂದು ನೋಡಿದಳು. ಯಾವ ಮೋಟರಿನ ದಪ್ಪ ಕೇಬಲ್ ಪಕ್ಕದಲ್ಲೇ ಹಾದುಹೋಗುತ್ತದೆ, ಮಳೆಗಾಲದಲ್ಲಿ ತಗಡು ಎಲ್ಲಿ ಸೋರುತ್ತದೆ ಎಂದು ಕೇಳಿ ಬರೆದುಕೊಂಡಳು.

"ಅಕ್ಕಾರ, ಪೆಟ್ಟಿಗಿ ಕೊಡಾಕ ಬಂದೀರೋ, ಹೆಣ್ಣು ಕೊಡಾಕ ಬಂದೀರೋ?" ಎಂದು ಕರಿಬಸವ ನಕ್ಕಿದ್ದ.

"ಎರಡೂ ಒಂದೇ ತಮ್ಮಾ. ಮನಿ ನೋಡದ ಕೊಟ್ಟರ ತಿರುಗಿ ಬರ್ತದ."

ಅಲ್ಲಿಂದ ಆಕೆಯ ಆರಿಸುವ ರೀತಿಯೇ ಅದಾಯಿತು. ಕಂಪನಿಯ ಪುಸ್ತಕದಲ್ಲಿ ಬರೆದದ್ದು ಆಮೇಲೆ, ಮೊದಲು ಮನೆ. ಧೂಳಿದ್ದರೆ ಫ್ಯಾನಿಲ್ಲದ್ದು, ಮೈಯೆಲ್ಲ ಕಬ್ಬಿಣದ್ದು. ಬಾಯ್ಲರಿನ ಮಗ್ಗುಲಾದರೆ ಎಪ್ಪತ್ತು ಡಿಗ್ರಿ ಸೆಕೆ ತಡೆಯುವಂಥದ್ದು. ನಡುಗುವ ಗೋಡೆಯಾದರೆ ಕಬ್ಬಿಣದ ಪಟ್ಟಿಗೆ ಗಟ್ಟಿಯಾಗಿ ಕಚ್ಚಿ ಕೂಡುವಂಥದ್ದು. ಕರೆಂಟು ಬಂದುಹೋಗಿ ಮಾಡುವ ಊರಾದರೆ ಎರಡು ಕಡೆಯಿಂದ ಉಣ್ಣುವಂಥದ್ದು, ಒಂದು ಸಪ್ಲೈ ಹೋದರೆ ಇನ್ನೊಂದರಲ್ಲಿ ಬದುಕಲಿ ಎಂದು. ಎರಡು ಪೆಟ್ಟಿಗೆಯ ನಡುವೆ ನೂರು ಮೀಟರಿಗಿಂತ ದೂರವಾದರೆ ತಾಮ್ರದ ಕೇಬಲ್ ಬೇಡ, ಗಾಜಿನ ಎಳೆಯ ಫೈಬರ್. ರೂಟರ್ ಯಾಕೆ, ಸ್ವಿಚ್ಚೇ ಸಾಲದೇ ಎಂದು ಯಾರಾದರೂ ಕೇಳಿದರೆ, "ಸ್ವಿಚ್ ಅಂದ್ರ ಪಡಸಾಲಿ, ಮನಿ ಮಂದಿ ಕೂತು ಮಾತಾಡ್ತಾರ. ರೂಟರ್ ಅಂದ್ರ ಹೊಸ್ತಿಲು. ಹೊರಗಿನವರು ಬಂದ್ರ ಅಲ್ಲಿ ನಿಂತು, ಯಾರು, ಯಾಕ ಅಂತ ಹೇಳ್ಬೇಕು. ನಿಮ್ಮ ಸಿಸಿ ಕ್ಯಾಮೆರಾದ ಸಂತಿ ಎಲ್ಲಾ ಪಡಸಾಲಿಗೆ ಬಿಟ್ಟರ ಯಂತ್ರದ ಮಾತು ಯಾರಿಗೆ ಕೇಳಸ್ತದ?" ಅನ್ನುತ್ತಿದ್ದಳು.

ಒಂದು ವಿಷಯದಲ್ಲಿ ಮಾತ್ರ ಆಕೆ ಹಟಮಾರಿ. ಕಂಪನಿಯವರು 'ಮ್ಯಾನೇಜ್ಡ್' ಎಂದು ಮಾರುವ, ಲ್ಯಾಪ್‌ಟಾಪಿನಿಂದ ಹೇಳಿಕೊಟ್ಟು ನಡೆಸಬೇಕಾದ ಬುದ್ಧಿವಂತ ಸ್ವಿಚ್ಚು ಗಿರಣಿಗಳಿಗೆ ಬೇಡ ಎನ್ನುತ್ತಿದ್ದಳು. ಬಳ್ಳಾರಿ ಹತ್ತಿರದ ಒಂದು ಕಾರ್ಖಾನೆಯಲ್ಲಿ ಹಾಗೇ ಆಗಿತ್ತು. ಪೆಟ್ಟಿಗೆಗೆ ಪಾಸ್‌ವರ್ಡ್ ಹಾಕಿದ್ದ ಎಂಜಿನಿಯರು ಕೆಲಸ ಬಿಟ್ಟು ಹೋದ, ಪೆಟ್ಟಿಗೆ ಸತ್ತಿತು, ಹೊಸದು ತಂದರೆ ಅದಕ್ಕೆ ಬುದ್ಧಿ ಹೇಳುವವರಿಲ್ಲದೆ ನಾಲ್ಕು ದಿನ ಕೆಲಸ ನಿಂತಿತು. "ಗಿರಣಿಯಾಗ ಕರಿಬಸವ ಇರ್ತಾನ, ಲ್ಯಾಪ್‌ಟಾಪ್ ಇರೋದಿಲ್ಲ. ಹಳೇದು ಕಿತ್ತು ಹೊಸದು ಹಾಕಿದ್ರ ಉಸಿರಾಡಬೇಕು, ಅಷ್ಟೇ" ಎನ್ನುವುದು ಆಕೆಯ ವಾದ. ಸಾದಾ ಪೆಟ್ಟಿಗೆಯ ಜೊತೆಗೆ ಗಿರಣಿಯವರಿಗೆಲ್ಲ ಒಂದು ಪಾಠವನ್ನೂ ಕೊಟ್ಟು ಬರುತ್ತಿದ್ದಳು. ಪೆಟ್ಟಿಗೆಯಲ್ಲಿ ಕೇಬಲ್ ಸಿಕ್ಕಿಸದೆ ಬಾಯಿ ತೆರೆದ ತೂತು ಇರಬಾರದು, ಜೋತಾಡುವ ವೈರು ಇರಬಾರದು, ಎರಡರೊಳಗೂ ಹೊಟ್ಟು ಹೊಗುತ್ತದೆ. ಕರಿಬಸವನಿಗೆ ಅದು ಬಾಯಿಪಾಠ.

ವಿಶ್ವಪ್ರಿಯರು ತೀರಿಕೊಂಡರು. ಅವರ ಮಕ್ಕಳು ಅಂಗಡಿಯ ಹೆಸರು ಉಳಿಸಿ, ಕೆಲಸವನ್ನು ಜಯಶ್ರೀಗೆ ಬಿಟ್ಟರು. ಚಿದಾನಂದಪ್ಪನವರೂ ಹೋದರು. ಗಿರಣಿ ಮಗ ಗವಿಸಿದ್ದೇಶನ ಕೈಗೆ ಬಂತು, ಅವನು ನೆಲ್ಲು ನೆನೆಸಿ ಆವಿಯಲ್ಲಿ ಬೇಯಿಸುವ ಕುಸುಬಲು ಅಕ್ಕಿಯ ಹೊಸ ಪ್ಲಾಂಟು ಹಾಕಿಸಿದ. ಅದರ ಸ್ವಿಚ್ಚುಗಳನ್ನೂ ಅಕ್ಕನೇ ಆರಿಸಿದ್ದು. ಈಗ ಅವನ ತಮ್ಮ ಕುರುಗೋಡಿನಲ್ಲಿ ಇನ್ನೊಂದು ಗಿರಣಿ ಕಟ್ಟಿಸುತ್ತಿದ್ದ. ಜಯಶ್ರೀ ಹುಟ್ಟಿದ್ದು ಕುರುಗೋಡಿನಲ್ಲಿ. ಆ ಬಂಡೆಗುಡ್ಡದ ಕೆಳಗೆ, ತಂದೆ ಪಂಚಾಯಿತಿಯ ಗುಮಾಸ್ತರಾಗಿದ್ದ ಕಾಲದಲ್ಲಿ. ಮದುವೆಯಾಗಿ ಬಂದ ಮೇಲೆ ಅಲ್ಲಿ ಆಕೆಯದು ಅಂತ ಏನೂ ಉಳಿದಿರಲಿಲ್ಲ. ಅಂಗಡಿ ಬಿಡುವುದರೊಳಗೆ ಹುಟ್ಟೂರಿನಲ್ಲಿ ತನ್ನ ಕೈಯ ಒಂದು ಕೆಲಸ ನಿಲ್ಲಲಿ ಎಂದು ಆಸೆ ಇತ್ತು. "ಅದೂ ನಿಮ್ಮದೇ ಅಂತ ತಿಳೀರಿ ಅಕ್ಕಾರ" ಎಂದು ಗವಿಸಿದ್ದೇಶ ಹೇಳಿಯೂ ಇದ್ದ. ನಕ್ಷೆಯ ಮೇಲೆ ಆಕೆ ಆಗಲೇ ಪೆನ್ಸಿಲಿನಲ್ಲಿ ಪೆಟ್ಟಿಗೆಗಳ ಗುರುತು ಹಾಕಿದ್ದಳು.

ಹೋದ ವರ್ಷ ವಿಜಯದಶಮಿಯ ಬೆಳಿಗ್ಗೆ ಏಳಕ್ಕೆ ಗವಿಸಿದ್ದೇಶನ ಫೋನು ಬಂತು.

"ಅಕ್ಕಾರ, ನಿಮ್ಮ ಸ್ವಿಚ್ ಕೈ ಕೊಟ್ಟಂಗ ಐತ್ರಿ. ಮುಹೂರ್ತಕ್ಕಂತ ನಸುಕಿನ್ಯಾಗ ಕೈಲೆ ವಾಲ್ವ್ ಬಿಟ್ಟು ಮೂರು ತೊಟ್ಟಿ ನೆಲ್ಲು ಬಿಸಿನೀರಾಗ ಹಾಕೀವಿ. ಈಗ ಕಂಪ್ಯೂಟರಿನಿಂದ ಸ್ಟೀಮು ಹಾಕಾಕ ಬರವಲ್ದು. ಪರದಿ ಮ್ಯಾಲ ನಂಬರ್ ಇಲ್ಲ, ಬರೇ ಗೀಟು. ಪ್ಲಾಂಟ್ ಹಾಕಿದ ಕೊಯಮತ್ತೂರಿನ ಎಂಜಿನಿಯರ್ ಫೋನಿನ್ಯಾಗ ನೆಟ್‌ವರ್ಕ್ ಅಂತಾನ."

"ಕೈಲೆ ನೀರು ಹೊರಗ ಬಿಡ್ಸಿರಿ. ನೆಲ್ಲು ನೀರಾಗ ಜಾಸ್ತಿ ಹೊತ್ತು ನಿಂತ್ರ ವಾಸನಿ ಬರ್ತದ."

"ಅದು ಕರಿಬಸವ ಆಗ್ಲೇ ಬಿಟ್ಟಾನ್ರಿ. ಆದ್ರೂ ಮಧ್ಯಾಹ್ನದೊಳಗ ಸ್ಟೀಮ್ ಬೀಳ್ಲಿಲ್ಲಂದ್ರ ಅಷ್ಟೂ ಹುಳೀತೈತಿ."

ಹಬ್ಬದ ಹೋಳಿಗೆಯ ಹೂರಣ ಒಲೆಯ ಮೇಲಿತ್ತು. ತುಳಸಮ್ಮನವರು, ಎಂಬತ್ತೈದರ ಮೇಲಿನವರು, ಸೌಟು ಇಸಿದುಕೊಂಡರು. "ಹೋಗು. ನಿನ್ನ ಪೆಟಗಿಗೆ ಹಬ್ಬ ಹುಣ್ಣಿವಿ ಎಲ್ಲಿ ತಿಳೀತದ."

ಬಸ್ಸು ಹೆಚ್ಚುಕಡಿಮೆ ಖಾಲಿ ಇತ್ತು. ತೆಕ್ಕಲಕೋಟೆ ದಾಟಿದ ಮೇಲೆ ಎರಡೂ ಕಡೆ ಕಾಲುವೆಯ ನೀರಿನ ಗದ್ದೆ, ಕಾಳು ಹಾಲು ತುಂಬಿದ ಭತ್ತ. ಇದೇ ಹಾದಿಯಲ್ಲಿ ಹಿಂದೆ ಬರುವಾಗ ಕಿಟಕಿಯ ಪಕ್ಕ ವಿಶ್ವಪ್ರಿಯರು ಕೂತು, ಒಂದೊಂದು ಗಿರಣಿಯ ಹೊಗೆಕೊಳವೆ ಕಂಡಾಗಲೂ ಅದರೊಳಗೆ ಎಷ್ಟು ಮೋಟರು, ಯಾವಾಗ ಸುಟ್ಟಿದ್ದು ಎಂದು ನೆಂಟರ ಸುದ್ದಿ ಹೇಳಿದ ಹಾಗೆ ಹೇಳುತ್ತಿದ್ದರು. ಕೆಲವು ಕೊಳವೆಗಳು ಈಗ ಇಲ್ಲ. ಅಕ್ಕ ಅವು ಇದ್ದ ಜಾಗಗಳನ್ನೂ ಎಣಿಸಿಕೊಂಡಳು.

ಗಿರಣಿಯ ಗೇಟಿಗೆ ಬಾಳೆಕಂಬ, ಚೆಂಡುಹೂವಿನ ಮಾಲೆ. ಹಿಂದಿನ ದಿನ ಆಯುಧಪೂಜೆ ಆಗಿತ್ತು. ಆ ದಿನ ವರ್ಷಕ್ಕೊಮ್ಮೆ ಇಡೀ ಗಿರಣಿಯ ಕರೆಂಟು ತೆಗೆದು, ಮೂಲೆಮೂಲೆಗೂ ಗಾಳಿ ಊದಿ ಹೊಟ್ಟು ಹೊರಗೆ ಹಾಕಿ, ಯಂತ್ರಕ್ಕೆಲ್ಲ ಎಣ್ಣೆ, ವಿಭೂತಿ, ಕುಂಕುಮ. ಸ್ವಿಚ್ಚು ಕೂಡಿಸಿದ್ದ ಪ್ಯಾನಲ್ಲಿನ ಬಾಗಿಲಿಗೂ ಮೂರು ಬೆರಳಿನ ವಿಭೂತಿ ಪಟ್ಟೆ ಬಿದ್ದಿತ್ತು.

ಪ್ಯಾನಲ್ಲಿನ ಮುಂದೆ ಕರಿಬಸವ ಹೊಸ ಅಂಗಿ ತೊಟ್ಟು, ಕೈ ಕಟ್ಟಿ ನಿಂತಿದ್ದ. ಐವತ್ತರ ಗಡಿಯವನು, ಮೀಸೆ ಬೆಳ್ಳಗಾಗಿತ್ತು. ದೂರದಲ್ಲಿ, ಗಿರಣಿಯ ಹಿಂದೆ ಅವರಿಗೆ ಕೊಟ್ಟಿದ್ದ ಕೋಣೆಯ ಕಟ್ಟೆಯ ಮೇಲೆ ಅವನ ಹೆಂಡತಿ ಜಂಬಮ್ಮ ಕೂತಿದ್ದಳು, ಈ ಕಡೆಗೇ ನೋಡುತ್ತಾ.

"ಬರ್ರಿ ಅಕ್ಕಾರ," ಎಂದ ಗವಿಸಿದ್ದೇಶ. ಬಿಳೀ ಬಟ್ಟೆ, ಮುಖ ಮಾತ್ರ ಕೆಂಪು. "ಎಂಜಿನಿಯರ್ ಅಂದ, ಯಾರೋ ಪ್ಯಾನಲ್ ಕೆದಕ್ಯಾರಂತ. ನಿನ್ನೆ ಪ್ಯಾನಲ್‌ನ್ಯಾಗ ಕೈ ಹಾಕಿದಾವ ಇವನೊಬ್ಬನೇ. ಏನ್ ಮಾಡೀಯಲೇ ಅಂದ್ರ ಏನೂ ಮಾಡಿಲ್ರಿ ಅಂತಾನ."

"ಧಣೇರ, ಸ್ವಚ್ಛ ಮಾಡೀನ್ರಿ ಅಷ್ಟ. ಒಂದು ವೈರೂ ಕಿತ್ತಿಲ್ರಿ, ಜಂಬಮ್ಮನ ಮ್ಯಾಲ ಆಣಿ."

"ಹೆಂಡ್ತಿ ಮ್ಯಾಲ್ಯಾಕ ಆಣಿ ಹಾಕ್ತಿ, ನಿನ್ನ ಮ್ಯಾಲ ಹಾಕ್ಕೋ!"

ಜಯಶ್ರೀ ಬಾಗಿಲು ತೆಗೆದಳು. ಸ್ವಿಚ್ಚಿನ ಮೇಲಿನ ಹಸಿರು ದೀಪಗಳು ಮಾಮೂಲಿನಂತೆ ಒಂದೊಂದಾಗಿ, ಆಗಾಗ ಮಿಟುಕಬೇಕು. ಅವೆಲ್ಲ ಒಟ್ಟಿಗೇ ಹೊಡೆದುಕೊಳ್ಳುತ್ತಿದ್ದವು, ಜ್ವರ ಬಂದ ಕೂಸಿನ ಎದೆಯ ಹಾಗೆ. ಆಕೆಯ ಕಣ್ಣು ಒಂದು ನೀಲಿ ಕೇಬಲ್ಲಿನ ಬೆನ್ನು ಹತ್ತಿತು. ಎಂಜಿನಿಯರು ಬಂದಾಗ ಲ್ಯಾಪ್‌ಟಾಪಿಗೆ ಹಾಕಲೆಂದು ಒಂದು ತುದಿಯನ್ನು ಸ್ವಿಚ್ಚಿಗೆ ಸಿಕ್ಕಿಸಿ, ಇನ್ನೊಂದನ್ನು ಸುಮ್ಮನೆ ಜೋತುಬಿಟ್ಟಿದ್ದ ಕೇಬಲ್. ಈಗ ಅದು ಜೋತಾಡುತ್ತಿರಲಿಲ್ಲ. ಅಚ್ಚುಕಟ್ಟಾಗಿ ಸುತ್ತಿ, ದಾರ ಕಟ್ಟಿ, ಅದರ ಇನ್ನೊಂದು ತುದಿಯನ್ನು ಅದೇ ಸ್ವಿಚ್ಚಿನ ಖಾಲಿ ತೂತಿಗೆ ಸಿಕ್ಕಿಸಲಾಗಿತ್ತು.

ಒಂದು ಕೇಬಲ್ಲಿನ ಎರಡೂ ತುದಿ ಒಂದೇ ಸಾದಾ ಸ್ವಿಚ್ಚಿಗೆ ಹೋದರೆ, ಅದು ಎಲ್ಲರಿಗೂ ಎಂದು ಕೂಗಿದ ಮಾತು ಸುತ್ತಿ ಬಂದು ಅದರ ಕಿವಿಗೇ ಬೀಳುತ್ತದೆ. ಹೊಸ ಸುದ್ದಿ ಎಂದುಕೊಂಡು ಅದು ಮತ್ತೆ ಕೂಗುತ್ತದೆ. ಅದೂ ಸುತ್ತಿ ಬರುತ್ತದೆ. ಆ ಗದ್ದಲದಲ್ಲಿ ಸ್ಟೀಮಿನ ವಾಲ್ವು ತೆರೆ ಎನ್ನುವ ಒಂದು ಸಣ್ಣ ಮಾತು ಎಲ್ಲಿ ಮುಟ್ಟಬೇಕು.

ಜಯಶ್ರೀ ತುದಿ ಹಿಡಿದು ಎಳೆದಳು. ದೀಪಗಳು ಒಂದು ಗಳಿಗೆ ನಿಂತು, ಆಮೇಲೆ ತಮ್ಮ ತಮ್ಮ ಪಾಡಿಗೆ ಮಿಟುಕತೊಡಗಿದವು. ಕಂಟ್ರೋಲ್ ರೂಮಿನಿಂದ ಯಾರೋ, "ಬಂತ್ರೀ! ನಂಬರ್ ಬಂತ್ರೀ!" ಎಂದು ಕೂಗಿದರು. ಎರಡು ನಿಮಿಷಕ್ಕೆ ಮೊದಲ ತೊಟ್ಟಿಯೊಳಗೆ ಸ್ಟೀಮು ಬುಸುಗುಟ್ಟಿತು.

ಗವಿಸಿದ್ದೇಶ ಆಕೆಯ ಕೈಯಲ್ಲಿದ್ದ ಕೇಬಲ್ ನೋಡಿದ, ದಾರ ಕಟ್ಟಿದ ಗಂಟು ನೋಡಿದ. ಆ ಗಂಟು ಗಿರಣಿಯಲ್ಲಿ ಯಾರದೆಂದು ಎಲ್ಲರಿಗೂ ಗೊತ್ತು.

"ಅಂದ್ರ ಇದ ಕಾರಣ. ಹೌದಲ್ರಿ?"

"ಹೌದು."

"ಸಿಕ್ಕಿಸಿದಾವ ನೀನೇನಲೇ?"

ಕರಿಬಸವ ಆ ಕೇಬಲ್ಲನ್ನೇ ನೋಡಿದ. "ಜೋತಾಡಾಕ ಹತ್ತಿತ್ರಿ ಧಣೇರ. ತೂತೂ ಖಾಲಿ ಇತ್ತು. ಅದಕ್ಕ…"

"ಸಾಕು. ಕೊಯಮತ್ತೂರಿನವ ಹೇಳ್ದಂಗ ಆತು." ಅವನು ಜಯಶ್ರೀಯ ಕಡೆ ತಿರುಗಿದ. "ಅಕ್ಕಾರ, ನಿಮ್ಮ ಮಾಲಿನ ಮ್ಯಾಲ ಸುಮ್ನ ಅನುಮಾನ ಪಟ್ಟೆ, ತಪ್ಪಾತು. ನಿಮ್ಮ ಪೆಟ್ಟಿಗಿ ಕಲ್ಲಿನಂಗ ಐತಿ. ಕುರುಗೋಡಿನ ಕೆಲಸ ನಿಮ್ಮದ ಮತ್ತ. ಇವಗ ಇವತ್ತಿಗೆ ಮುಗೀತು. ಹಬ್ಬ ಮುಗಿಸಿ ಕೋಣಿ ಖಾಲಿ ಮಾಡ್ಲಿ."

ಜಯಶ್ರೀ ಕೇಬಲ್ಲನ್ನು ಸುತ್ತುತ್ತಾ ನಿಂತಳು. ಸುಮ್ಮನಿದ್ದರೆ ಸಾಕಿತ್ತು. ಯಾರೂ ಸುಳ್ಳು ಹೇಳಿದ ಹಾಗೆ ಆಗುತ್ತಿರಲಿಲ್ಲ. ತುದಿ ಸಿಕ್ಕಿಸಿದ್ದು ಅವನ ಕೈಯೇ. ಪೆಟ್ಟಿಗೆ ಸತ್ತಿರಲೂ ಇಲ್ಲ. ಆಕೆಗೆ ಕುರುಗೋಡಿನ ನಕ್ಷೆ ಕಣ್ಣ ಮುಂದೆ ಬಂತು, ಪೆನ್ಸಿಲಿನ ಗುರುತುಗಳ ಸಮೇತ. ಕಟ್ಟೆಯ ಮೇಲೆ ಜಂಬಮ್ಮ ಎದ್ದು ನಿಂತಿದ್ದಳು. ಮಾತು ಕೇಳಿಸುವಷ್ಟು ಹತ್ತಿರವಿರಲಿಲ್ಲ, ಮುಖ ನೋಡಿಯೇ ತಿಳಿದುಕೊಂಡಿರಬೇಕು.

"ಗವಿಸಿದ್ದೇಶ್," ಎಂದಳು. "ತಪ್ಪು ಇವಂದಲ್ಲ. ನಂದು."

"ಅಕ್ಕಾರ, ನೀವು ಮನಸು ಸಣ್ಣದು ಮಾಡ್ಕೋಬ್ಯಾಡ್ರಿ…"

"ಪೂರಾ ಕೇಳ್ರಿ. ಬಾಯಿ ತೆರೆದ ತೂತು ಇರಬಾರದು, ಜೋತಾಡೋ ವೈರು ಇರಬಾರದು ಅಂತ ಇವಗ ಹೇಳಿದಾಕಿ ನಾನು. ನಿಮ್ಮ ಅಪ್ಪನವರ ಕಾಲದಿಂದ ಹೇಳ್ಕೋತ ಬಂದೀನಿ. ಇವ ಅಕ್ಷರಶಃ ಪಾಲಿಸ್ಯಾನ. ವೈರಿನ ತುದಿ ಸಿಕ್ಕಿಸಬ್ಯಾಡ, ರಬ್ಬರ್ ಕ್ಯಾಪ್ ಹಾಕಿ ಮುಚ್ಚು ಅಂತ ನಾ ಬಿಡಿಸಿ ಹೇಳ್ಲಿಲ್ಲ. ಅದು ಒಂದು."

"ಇನ್ನೊಂದು?"

"ಹಿಂಗ ಸುತ್ತು ಬಿದ್ದದ್ದು ತಾನೇ ಗುರುತು ಹಿಡಿದು, ಆ ತೂತಷ್ಟೇ ಬಂದ್ ಮಾಡೋ ಸ್ವಿಚ್ ಇರ್ತಾವ. ಸಿಗ್ತಿದ್ವು. ನಾನೇ ಬ್ಯಾಡ ಅಂದಿದ್ದು."

ಗವಿಸಿದ್ದೇಶನ ಹುಬ್ಬು ಕೂಡಿತು. "ಸಿಗ್ತಿದ್ವು? ಮತ್ತ ಯಾಕ ಹಾಕ್ಲಿಲ್ರಿ?"

"ಬುದ್ಧಿ ಇರೋ ಪೆಟ್ಟಿಗಿ ಸತ್ರ ಬದಲಿ ಮಾಡಾಕ ಆಗೋದಿಲ್ಲ ಅಂತ ಹೆದರಿದೆ. ಹೆದರಿಕಿ ಖರೇನೇ ಇತ್ತು. ಆದ್ರ ಬರೇ ಧೂಳು, ಸೆಕಿ, ಇಲಿ ಎಣಿಸಿದೆ. ಮನಷ್ಯಾನ ಕೈ ಎಣಿಸಲಿಲ್ಲ. ಮನಿ ನೋಡೋದು ಅಂದ್ರ ಅದೂ ನೋಡ್ಬೇಕಿತ್ತು."

ಎರಡನೇ ತೊಟ್ಟಿಯ ಸ್ಟೀಮು ಶುರುವಾಗಿ, ಕುದಿಯುವ ನೆಲ್ಲಿನ ಘಮ ಅಂಗಳಕ್ಕೆಲ್ಲ ಹಬ್ಬಿತು. ಗವಿಸಿದ್ದೇಶ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡ.

"ನೀವು ಹೇಳ್ಲಿಲ್ಲಂದ್ರ ನನಗ ತಿಳೀತಿರ್ಲಿಲ್ರಿ," ಎಂದ. ಆಮೇಲೆ, ನೆಲ ನೋಡುತ್ತಾ, "ಆದ್ರ ಅಕ್ಕಾರ, ಕುರುಗೋಡಿನ ಗಿರಣಿ ನನ್ನದಲ್ಲ, ತಮ್ಮಂದು. ಅವ ಮೊದಲಿಂದ ಹೈದರಾಬಾದಿನವರು ಹೈದರಾಬಾದಿನವರು ಅಂತಿದ್ದ, ನಾನ ತಡದಿದ್ದೆ. ಇದು ಕೇಳಿದ ಮ್ಯಾಲ ಇನ್ನ ತಡಿಯಾಕ ಬಾಯಿ ಬರೂದಿಲ್ಲ. ತಪ್ಪು ತಿಳ್ಕೋಬ್ಯಾಡ್ರಿ."

"ತಿಳ್ಕೊಳ್ಳೋದಿಲ್ಲ. ಕೊಡ್ಲಿ." ದನಿ ಸಣ್ಣಗಾದದ್ದು ಆಕೆಗೇ ಕೇಳಿಸಿತು. "ಇವನದು ಏನು?"

ಗವಿಸಿದ್ದೇಶ ಕರಿಬಸವನನ್ನು ಮೇಲಿಂದ ಕೆಳಗೆ ನೋಡಿದ. "ಏನ್ ಕಂಬ ನಿಂತಂಗ ನಿಂತೀಲೇ? ಮೂರನೇ ತೊಟ್ಟಿ ಯಾರು ನೋಡ್ಬೇಕು, ನಿಮ್ಮ ಮಾವನಾ?"

ಕರಿಬಸವ ಓಡಿದ. ಅವನು ಓಡುವುದನ್ನು ಕಂಡ ಮೇಲೆಯೇ ಜಂಬಮ್ಮ ಕಟ್ಟೆಯ ಮೇಲೆ ಮತ್ತೆ ಕೂತದ್ದು.

ಸಿರುಗುಪ್ಪದ ಪೆಟ್ಟಿಗೆಗಳನ್ನಾದರೂ ಬದಲಿಸುವುದಿತ್ತು. ಮಧ್ಯಾಹ್ನ ಜಂಬಮ್ಮ ತಂದ ರೊಟ್ಟಿ, ಪುಂಡಿಪಲ್ಯ ಮುಂದಿಟ್ಟುಕೊಂಡು, ಅಕ್ಕಿ ಚೀಲಗಳ ಮೇಲೆ ಕೂತು ಜಯಶ್ರೀ ಡೈರಿ ತೆಗೆದಳು. ಇಷ್ಟು ವರ್ಷ ಆಕೆ ಕರಿಬಸವನನ್ನು ತಗಡು ಎಲ್ಲಿ ಸೋರುತ್ತದೆ, ಇಲಿ ಎಲ್ಲಿ ಬರುತ್ತದೆ ಎಂದು ಕೇಳಿದ್ದಳು. ಯಾವ ಪೆಟ್ಟಿಗೆ ಬೇಕು ಎಂದು ಒಮ್ಮೆಯೂ ಕೇಳಿರಲಿಲ್ಲ.

"ಈಗ ನೀನು ಹೇಳು. ಹೆಂಗಿರಬೇಕು?"

"ನಾನೇನ್ ಹೇಳ್ಲಿರಿ. ನೀವು ಆರಿಸಿದ್ದು."

"ನಾ ಆರಿಸಿದ್ದು ನೋಡಿದ್ಯಲ್ಲ ಬೆಳಿಗ್ಗೆ. ಹೇಳು."

ಅವನು ರೊಟ್ಟಿ ಮುರಿಯುತ್ತಾ ಬಹಳ ಹೊತ್ತು ಯೋಚಿಸಿದ. "ನನ್ನ ಕೈ ತಪ್ಪಿದ್ರ ಅದು ತಡಕೋಬೇಕ್ರಿ. ಅದು ಸತ್ರ ನಾನ ಬದಲಿ ಮಾಡಂಗಿರ್ಬೇಕು, ಯಾರನ್ನೂ ಕಾಯದಂಗ. ಎರಡೂ ಇರೂದು ಸಿಗ್ತೈತೇನ್ರಿ?"

ಜಯಶ್ರೀ ಬರೆಯುತ್ತಿದ್ದವಳು ಪೆನ್ನು ನಿಲ್ಲಿಸಿದಳು. ಸಿಗುತ್ತದೆ. ಬುದ್ಧಿಯನ್ನೆಲ್ಲ ಒಂದು ಪುಟ್ಟ ಮೆಮೊರಿ ಕಾರ್ಡಿನಲ್ಲಿ ಇಟ್ಟುಕೊಂಡಿರುವ ಸ್ವಿಚ್ಚುಗಳಿವೆ. ಹಳೆಯದು ಸತ್ತರೆ ಅದರ ಕಾರ್ಡು ತೆಗೆದು ಅದೇ ಮಾದರಿಯ ಹೊಸದಕ್ಕೆ ಹಾಕಿದರೆ ಸಾಕು, ಲ್ಯಾಪ್‌ಟಾಪು ಬೇಡ, ಪಾಸ್‌ವರ್ಡು ಬೇಡ. ಆಕೆ ಅದನ್ನು ಎರಡು ವರ್ಷದ ಹಿಂದೆಯೇ ಓದಿದ್ದಳು. ಒಂದು ಹಟ ಹಿಡಿದ ಮೇಲೆ ಅದನ್ನು ಯಾರ ಸಲುವಾಗಿ ಹಿಡಿದಿದ್ದೋ ಅವರನ್ನೇ ಕೇಳುವುದು ಮರೆತುಹೋಗಿತ್ತು.

"ಸಿಗ್ತದ," ಎಂದಳು.

"ಮತ್ತೇನ್ರಿ, ಅದ ತರ್ರಿ."

ಸಂಜೆ ಬಸ್ ಸ್ಟ್ಯಾಂಡಿನವರೆಗೆ ಕರಿಬಸವ ಬಂದ. ದಾರಿಯುದ್ದಕ್ಕೂ ಮಂದಿ ಬನ್ನಿ ಎಲೆ ಹಂಚುತ್ತಾ, ತಬ್ಬಿಕೊಳ್ಳುತ್ತಾ ಓಡಾಡುತ್ತಿದ್ದರು. ಅವನೂ ಅಂಗಿಯ ಜೇಬಿನಿಂದ ಒಂದು ಹಿಡಿ ಎಲೆ ತೆಗೆದು ಆಕೆಯ ಕೈಗೆ ಹಾಕಿ, ಬಗ್ಗಿ ಕಾಲು ಮುಟ್ಟಿದ.

"ಬಂಗಾರದಂಗ ಇರೋಣ್ರಿ ಅಕ್ಕಾರ." ಎದ್ದವನು ತಲೆ ಎತ್ತಲಿಲ್ಲ. "ನನ್ನ ಸಲುವಾಗಿ ಕುರುಗೋಡು ಹೋತಲ್ರಿ ನಿಮ್ಮ ಕೈಯಿಂದ."

ಜಯಶ್ರೀ ಎಲೆಗಳನ್ನು ಸೆರಗಿಗೆ ಕಟ್ಟಿಕೊಂಡಳು. ಹೋದದ್ದು ಸಣ್ಣದೇನಲ್ಲ, ಅದು ಆಕೆಗೆ ಗೊತ್ತು. ಆದರೂ, "ಕುರುಗೋಡಿಗೆ ಹೋಗ್ಲಿಕ್ಕೆ ನನಗ ಆರ್ಡರ್ ಯಾಕ ಬೇಕೋ? ಬಸ್ ಇಲ್ಲೇನು?" ಎಂದಳು.

ಅವನು ನಕ್ಕ. ಬಳ್ಳಾರಿ ಬಸ್ಸು ಬಂತು. ಆಕೆ ಹತ್ತಿ ಕಿಟಕಿಯ ಪಕ್ಕ ಕೂತ ಮೇಲೆ, ಹೊರಡುವ ಬಸ್ಸಿನ ಜೊತೆ ನಾಲ್ಕು ಹೆಜ್ಜೆ ನಡೆಯುತ್ತಾ ಕೂಗಿದ. "ಅಕ್ಕಾರ, ಆ ಕಾರ್ಡು ತೆಗಿಯೂದು ಹಾಕೂದು ಫೋನಿನ್ಯಾಗ ಹೇಳಬ್ಯಾಡ್ರಿ. ನೀವ ಬಂದು ತೋರಸ್ರಿ. ಮೊದಲ ನಾನು ಒಂದ್ಸಲ ತಪ್ಪು ಮಾಡ್ತೀನಿ, ಆಮ್ಯಾಲೆ ನೋಡೂಣು ಅದೇನ್ ಮಾಡ್ತೈತಿ ಅಂತ."

"ಸೋಮವಾರ ಬರ್ತೀನಿ," ಜಯಶ್ರೀ ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳಿದಳು. "ಜಂಬಮ್ಮಗ ಹೇಳು, ಊಟ ಅಲ್ಲೇ."